ಮೂಲೆ ಬೆಂಚಿನ ತಾಯಿ ಕೇಳಿದ್ದು

ಹಲ್ಲಿನಕ್ಕನಿಗೆ ದೇವರ ಮೇಲಿದ್ದ ಸಿಟ್ಟಿಗಿಂತ, ದೇವರ ಹೆಸರು ಹೇಳಿ ಬಾಯುಪಚಾರ ಮಾಡಿ ಹೋಗುವವರ ಮೇಲಿದ್ದ ಸಿಟ್ಟೇ ಜಾಸ್ತಿ. ಹಲ್ಲಿನಕ್ಕ ಎಂಬುದು ಫೋನಿನೊಳಗಿನ ಜನ ಅವಳಿಗಿಟ್ಟ ಹೆಸರು. ಹೊರಗೆ ಅವಳು ಒಂದು ಹಳೆಯ ಕಟ್ಟಡದ ಹಿಂಬದಿ ಕೋಣೆಯಲ್ಲಿ ಕೂತು, ಡಾಕ್ಟರುಗಳು ಕಳಿಸುವ ಬಾಯಿಯ ಅಚ್ಚು ನೋಡಿ ಹಲ್ಲಿನ ಸೆಟ್ಟು ಮಾಡಿಕೊಡುವವಳು. ಅದೂ ಸಾಲದೆಂದು ಚರ್ಚಿನ ಸಭಾಪಾಲಕರ ಮಗಳು ಬೇರೆ. ಅಪ್ಪ ಬಾಯಿಗೆ ದೇವರ ವಾಕ್ಯ ಹಾಕುತ್ತಿದ್ದರು, ನಾನು ಹಲ್ಲು ಹಾಕುತ್ತೇನೆ ಎಂದು ತಾನೇ ಹೇಳಿಕೊಂಡು ನಗುತ್ತಿದ್ದಳು.

ಒಂಬತ್ತು ವರ್ಷದ ಹಿಂದೆ ಅವಳ ತಮ್ಮ ಹಾಸಿಗೆ ಹಿಡಿದಾಗ ಇಡೀ ಸಭೆ ಸಾಲಾಗಿ ಬಾಗಿಲವರೆಗೆ ಬಂದಿತ್ತು. "ಪ್ರಾರ್ಥನೆ ಮಾಡ್ತೀವಮ್ಮ, ಧೈರ್ಯವಾಗಿರು" ಎಂದವರೇ ಎಲ್ಲರೂ. ಒಂದು ರಾತ್ರಿ ಅವನ ಪಕ್ಕದಲ್ಲಿ ಕೂತು ಇವಳಿಗೆ ನಿದ್ದೆ ಮಾಡಲು ಬಿಟ್ಟವರು ಒಬ್ಬರೂ ಇಲ್ಲ. ತಮ್ಮ ಹೋದಮೇಲೆ ಅದೇ ಬಾಯಿಗಳು, "ಆ ಮನೇಲಿ ನಂಬಿಕೆ ಕಮ್ಮಿ ಬಿತ್ತು" ಎಂದವು. ಅವತ್ತು ಇವಳು ಸಭೆಯ ಮೆಟ್ಟಿಲು ಇಳಿದವಳು ಮತ್ತೆ ಹತ್ತಲಿಲ್ಲ. ಯೇಸುವನ್ನು ಬಿಡುವುದಕ್ಕೂ ಆಗಲಿಲ್ಲ, ಅದು ಬೇರೆ ಕಷ್ಟ.

ಹಾಗಾಗಿ ಇಂಟರ್ನೆಟ್ಟಿನಲ್ಲಿ 'ತೆರೆದ ಬಾಗಿಲು' ಎಂಬ ಗುಂಪು ಹುಟ್ಟಿತು. ಅವಳೂ, 'ಥೋಮನ ತಮ್ಮ' ಎಂದು ಹೆಸರಿಟ್ಟುಕೊಂಡ ಒಬ್ಬ ಲಿಫ್ಟ್ ರಿಪೇರಿಯವನೂ ಸೇರಿ ಮಾಡಿದ್ದು. ಯೇಸು ಸತ್ತು ಎದ್ದುಬಂದದ್ದನ್ನು ಶಿಷ್ಯ ಥೋಮನು ಗಾಯ ಮುಟ್ಟಿ ನೋಡಿ ನಂಬಿದ, ನಾನು ಮುಟ್ಟಿದ ಮೇಲೂ ಎರಡು ಸಲ ಯೋಚನೆ ಮಾಡುವವನು ಎನ್ನುತ್ತಿದ್ದ ಆ ಪುಣ್ಯಾತ್ಮ. ನೋಡನೋಡುತ್ತ ಸಾವಿರದ ನಾನೂರು ಜನರಾದರು. ಬೋಧಕರ ಪೀಠದಲ್ಲಿ ಹೆಂಗಸು ನಿಲ್ಲಬಾರದೇಕೆ, ನರಕ ನಿಜವಾಗಿ ಇದೆಯೋ ಹೆದರಿಸಲು ಮಾಡಿದ್ದೋ, ದೇವರು ಲೋಕದ ವ್ಯವಹಾರಕ್ಕೆ ಕೈಹಾಕುತ್ತಾನೋ ಸುಮ್ಮನೆ ನೋಡುತ್ತಾನೋ ಎಂದು ಅಲ್ಲಿ ವಾದವೋ ವಾದ. ಕೈಹಾಕುವ ವಿಷಯವಂತೂ ನಾಲ್ಕು ದಿನ ಎಳೆದಾಡಿತ್ತು. ಗುಂಪಿನೊಳಗೇ ವಾದಕ್ಕೆ ಒಂದು ಮನೆ, ಕಷ್ಟಸುಖಕ್ಕೆ ಇನ್ನೊಂದು ಮನೆ ಎಂದು ಬೇರೆ ಬೇರೆ ಮಾಡಿದ್ದರು.

ನಿಯಮ ಮೂರೇ. ಒಬ್ಬರನ್ನೊಬ್ಬರು ಹೀಯಾಳಿಸಬಾರದು. ಯಾರ ಹೆಸರು, ಊರು ಕೇಳಬಾರದು. ಮೂರನೆಯದನ್ನು ಹಲ್ಲಿನಕ್ಕ ಹೊಟ್ಟೆಯ ಉರಿಯಿಂದಲೇ ಬರೆದಿದ್ದಳು: ಕಷ್ಟದಲ್ಲಿರುವವರಿಗೆ ಇಲ್ಲಿ ಯಾರೂ 'ಪ್ರಾರ್ಥನೆ ಮಾಡುತ್ತೇನೆ' ಎನ್ನಬಾರದು. ಆಗುವುದಾದರೆ ಏನಾದರೂ ಮಾಡಿ, ಆಗದಿದ್ದರೆ ಬಾಯಿ ಮುಚ್ಚಿಕೊಂಡಿರಿ.

ಈ ನಿಯಮ ಮುರಿದವರ ಜೊತೆ ದಿನಾ ಜಗಳವಾಡಿ ಸಾಕಾಗಿ, ಎರಡು ವರ್ಷದ ಹಿಂದೆ ಥೋಮನ ತಮ್ಮ ಒಂದು ಉಪಾಯ ಮಾಡಿದ. ಕಷ್ಟಸುಖದ ಮನೆಯಲ್ಲಿ ಆ ಮಾತು ಬಂದ ಕೂಡಲೇ ತಾನಾಗಿ ತೆಗೆದುಹಾಕುವ ಒಂದು ಏರ್ಪಾಡು. ಅದಕ್ಕೆ ಪೊರಕೆ ಎಂದು ಹೆಸರಿಟ್ಟರು. ಬರೆದವರಿಗೆ ಅವರ ಮಾತು ಕಾಣುತ್ತಲೇ ಇರುತ್ತದೆ, ಬೇರೆ ಯಾರಿಗೂ ಕಾಣುವುದಿಲ್ಲ. "ಬರೆದವರಿಗೆ ನೋವಿಲ್ಲ, ನಮಗೆ ಜಗಳವಿಲ್ಲ, ಹೇಗಿದೆ?" ಎಂದಿದ್ದ. "ಭೇಷ್" ಎಂದಿದ್ದಳು ಇವಳು. ಆಮೇಲೆ ಪೊರಕೆಯನ್ನು ಇಬ್ಬರೂ ಮರೆತೇಬಿಟ್ಟರು.

ಆ ದಿನ ಮಧ್ಯಾಹ್ನ ಮೂರು ಗಂಟೆಗೆ ಹಲ್ಲಿನಕ್ಕ ರಬ್ಬರ್ ಬಟ್ಟಲಿನಲ್ಲಿ ಪ್ಲಾಸ್ಟರ್ ಕಲಸುತ್ತಿದ್ದಳು. ಕಪಾಟಿನ ಮೇಲಿದ್ದ ಫೋನು ಮಿಣುಕಿತು. ಕಷ್ಟಸುಖದ ಮನೆಯಲ್ಲಿ 'ಮೂಲೆ ಬೆಂಚು' ಎಂಬುವರು ಬರೆದಿದ್ದರು. ಸೇರಿ ಎರಡು ವರ್ಷವಾಗಿತ್ತು, ಒಂದು ದಿನ ಒಂದು ಅಕ್ಷರ ಬರೆದವರಲ್ಲ.

"ನನ್ನ ಮಗಳನ್ನ ಈಗ ಆಪರೇಷನ್ನಿಗೆ ಒಳಗೆ ಕರ್ಕೊಂಡು ಹೋದ್ರು. ಉಳಿಯೋದು ಅರ್ಧಕ್ಕರ್ಧ ಅಂದಿದಾರೆ ಡಾಕ್ಟರು. ಅವಳು ಇನ್ನೊಂದು ಹುಡುಗಿ ಜೊತೆ ಸಂಸಾರ ಮಾಡ್ಕೊಂಡಿದಾಳೆ ಅಂತ ನಮ್ಮ ಸಭೆಯವರು ನನ್ನನ್ನೂ ಸೇರಿಸಲ್ಲ. ಆ ಹುಡುಗಿ ರಕ್ತ ತರೋಕೆ ಹೋಗಿದಾಳೆ. ನಾನು ಒಬ್ಬಳೇ ಕೂತಿದೀನಿ. ನನ್ನ ಬಾಯಿಗೆ ಒಂದು ಮಾತೂ ಬರ್ತಿಲ್ಲ. ಇವತ್ತೊಂದು ದಿನ ನನ್ನ ಪರವಾಗಿ ನೀವು ಯಾರಾದ್ರೂ... ಆ ಮಾತನ್ನ ಇಲ್ಲಿ ಬರೆಯೋ ಹಾಗಿಲ್ಲ ಅಂತ ಗೊತ್ತು. ಏನು ಕೇಳ್ತಿದೀನಿ ಅಂತ ನಿಮಗೂ ಗೊತ್ತು."

ಹಾಳಾದ ನಿಯಮ ಹಾಳಾಗಿ ಹೋಗಲಿ ಎಂದುಕೊಂಡಳು ಹಲ್ಲಿನಕ್ಕ. ಬೆರಳನ್ನು ಸೆರಗಿಗೆ ಒರೆಸಿಕೊಂಡು, ಒಂಬತ್ತು ವರ್ಷದಲ್ಲಿ ಮೊದಲ ಸಲ ಬರೆದಳು: "ಅಕ್ಕ, ನಾನು ಪ್ರಾರ್ಥನೆ ಮಾಡ್ತೀನಿ. ಈಗಲೇ." ಕಳಿಸಿದಳು. ಕಣ್ಣು ಮುಚ್ಚುವಷ್ಟರಲ್ಲಿ ಬಟ್ಟಲಿನ ಪ್ಲಾಸ್ಟರ್ ಬಿಗಿಯಾಗುತ್ತಿರುವುದು ಕಂಡಿತು. ಅದು ಯಾರನ್ನೂ ಕಾಯುವ ಪದಾರ್ಥವಲ್ಲ. ಅಚ್ಚಿಗೆ ಸುರಿದಳು, ಗುಳ್ಳೆ ಹೋಗಲೆಂದು ಮೇಜಿಗೆ ಕುಟ್ಟಿದಳು, ಅದರ ಹಿಂದೆಯೇ ಡಾಕ್ಟರ ಕಡೆಯಿಂದ ಫೋನು ಬಂತು, ನಾಳೆಯ ಸೆಟ್ಟು ಇವತ್ತೇ ಬೇಕಂತೆ.

ಮತ್ತೆ ನೋಡಿದ್ದು ಐದೂಕಾಲಿಗೆ. ಆ ತಾಯಿಯ ಮಾತಿನ ಕೆಳಗೆ ಇವಳದೊಂದು ಉತ್ತರ, ಅದರ ಕೆಳಗೆ ಗುಂಪಿನಲ್ಲಿ ಪಂಡಿತ ಎಂದೇ ಹೆಸರಾದವನ ಒಂದು ಸಾಲು: "ದಯವಿಟ್ಟು ಮೂರನೇ ನಿಯಮ ಓದಿಕೊಳ್ಳಿ." ಅಷ್ಟೇ. ಅದಾದ ಮೇಲೆ ಆ ತಾಯಿ ಎರಡು ಸಲ ಬರೆದಿದ್ದರು. ನಾಲ್ಕು ಗಂಟೆಗೆ, "ಯಾರೂ ಇಲ್ವಾ?" ಐದಕ್ಕೆ ಹತ್ತು ನಿಮಿಷವಿದ್ದಾಗ, "ಸರಿ. ತಪ್ಪಾಯ್ತು. ನಿಯಮ ಗೊತ್ತಿದ್ದೂ ಕೇಳಿದೆ." ಕೊನೆಗೆ ಯಂತ್ರದ ಒಂದು ಸಾಲು, ಮೂಲೆ ಬೆಂಚು ಗುಂಪಿನಿಂದ ಹೊರಹೋಗಿದ್ದಾರೆ.

ಅವಳಿಗೆ ಮೈಯೆಲ್ಲ ಉರಿದುಹೋಯಿತು. ವಾದದ ಮನೆಗೆ ನುಗ್ಗಿ ಬರೆದಳು: "ಸಾವಿರದ ನಾನೂರು ಜನ ಇದೀರಲ್ರೋ, ನನ್ನೊಬ್ಬಳನ್ನ ಬಿಟ್ಟು ಒಬ್ಬರಿಗೂ ಬಾಯಿ ಸತ್ತುಹೋಗಿತ್ತಾ? ದೇವರು ಕೈಹಾಕ್ತಾನೋ ಇಲ್ವೋ ಅಂತ ನಾಲ್ಕು ದಿನ ಕಿತ್ತಾಡಿದ್ರಲ್ಲ!"

ಉತ್ತರಗಳು ಸುರಿದವು. "ಅಕ್ಕ, ನಾನು ಮೂರು ಗಂಟೆಗೇ ಬರೆದೆನಲ್ಲ." "ನಾನೂ ಬರೆದೆ." "ನಾನು ಉದ್ದಕ್ಕೆ ಬರೆದಿದೀನಿ, ನೋಡಿ ಅಲ್ಲೇ ಇದೆ." "ನಿಮ್ಮದೇ ಕಾಣ್ತಿಲ್ಲ ಅಕ್ಕ."

ಆಗ ಅವಳಿಗೆ ಹೊಳೆಯಿತು. ಪೊರಕೆ!

ಅದರ ಕೀಲಿ ಇದ್ದದ್ದು ಥೋಮನ ತಮ್ಮನ ಹತ್ತಿರ. ಅವನು ಯಾವುದೋ ಕಟ್ಟಡದ ಲಿಫ್ಟಿನ ಕೆಳಗಿನ ಗುಂಡಿಯಲ್ಲಿ, ಸಿಗ್ನಲ್ಲೇ ಇಲ್ಲದ ಕಡೆ. ಹನ್ನೊಂದು ಸಲ ಫೋನು ಮಾಡಿದಳು. ಆ ತಾಯಿಗೆ ನೇರವಾಗಿ ಬರೆಯೋಣವೆಂದರೆ ಖಾತೆಯನ್ನೇ ಮುಚ್ಚಿಕೊಂಡು ಹೋಗಿದ್ದರು. ಯಾವ ಊರು, ಯಾವ ಆಸ್ಪತ್ರೆ, ಏನು ಹೆಸರು? ಕೇಳಬಾರದೆಂದು ಎರಡನೇ ನಿಯಮ ಬರೆದವಳೂ ಇವಳೇ. ಎಲ್ಲ ಕಡೆಯೂ ತಾನೇ ಕಟ್ಟಿದ ಗೋಡೆ.

ಆರೂವರೆಗೆ ಅವನು ಫೋನು ಮಾಡಿದ. ಪೊರಕೆಯ ಬುಟ್ಟಿ ತೆಗೆದು ನೋಡಿದ್ದನಂತೆ.

"ಇನ್ನೂರ ಹನ್ನೆರಡು ಇವೆ ಅಕ್ಕ" ಎಂದ. ಅವನ ದನಿ ಬಿದ್ದುಹೋಗಿತ್ತು. "ಕೆಲವರು ಇಡೀ ಪ್ರಾರ್ಥನೆನೇ ಬರೆದಿದಾರೆ. ಒಬ್ಬರು, ನಂಗೆ ದೇವರು ಇದಾನೋ ಇಲ್ವೋ ಗೊತ್ತಿಲ್ಲ, ಆದ್ರೂ ಪ್ರಾರ್ಥನೆಗೆ ಮಂಡಿಯೂರಿದೀನಿ ಅಂತ ಬರೆದಿದಾರೆ."

"ಅವರನ್ನ ಹುಡುಕೋಕೆ ಏನಾದ್ರೂ ದಾರಿ ಇದೆಯೇನೋ?"

"ಇಲ್ಲ ಅಕ್ಕ. ಯಾರನ್ನೂ ಹುಡುಕೋಕಾಗಬಾರದು ಅಂತಾನೇ ಮಾಡಿದ್ದಲ್ವಾ ನಾವು."

ಆಮೇಲೆ ಅವನು, "ಎಲ್ಲಕ್ಕಿಂತ ಮೊದಲನೇದು ನಿಮ್ಮದು. ಮೂರು ಗಂಟೆ ನಾಲ್ಕು ನಿಮಿಷ. ಈಗಲೇ ಮಾಡ್ತೀನಿ ಅಂದಿದೀರಿ" ಎಂದ. "ನಂಗೆ ಗೊತ್ತೇ ಆಗಲಿಲ್ಲ ಅಕ್ಕ, ಇಲ್ಲದಿದ್ರೆ ನಾನೂ ಮಾಡ್ತಿದ್ದೆ. ನೀವಾದ್ರೂ ಮಾಡಿದ್ರಲ್ಲ, ಅಷ್ಟೇ ಸಮಾಧಾನ."

ಮೇಜಿನ ಮೇಲೆ ಆ ಪ್ಲಾಸ್ಟರ್ ಕಲ್ಲಾಗಿ ಕೂತಿತ್ತು, ಯಾರದೋ ಬೊಚ್ಚು ಬಾಯಿ.

"ಮಾಡ್ಲಿಲ್ಲ ಕಣೋ" ಎಂದಳು ಹಲ್ಲಿನಕ್ಕ. "ಬರೆದು ಕಳಿಸ್ದೆ. ಆಮೇಲೆ ಕೆಲಸಕ್ಕೆ ಕೂತೆ. ಮರೆತೇಬಿಟ್ಟೆ."

ಹಾಸಿಗೆ ಹಿಡಿದ ತಮ್ಮನ ಬಾಗಿಲಲ್ಲಿ ನಿಂತು ಹೋದ ಸಭೆಯವರ ಆ ಸಾಲು ಅವಳ ಕಣ್ಣಿಗೆ ಕಟ್ಟಿತು, ಸಾಲಿನ ಕೊನೆಯಲ್ಲಿ ತಾನೂ ನಿಂತಿದ್ದಳು.

ಫೋನಿಟ್ಟ ಮೇಲೆ ಸ್ಟೂಲಿನ ಮೇಲೆ ಕೂತಳು. ಈಗಲಾದರೂ ಮಾಡೋಣವೆಂದು ಕಣ್ಣು ಮುಚ್ಚಿದಳು. ಏನೆಂದು ಕೇಳುವುದು? ಮಗಳನ್ನು ಉಳಿಸು ಎಂದೇ, ಉಳಿಸಿದ್ದಕ್ಕೆ ಸ್ತೋತ್ರ ಎಂದೇ, ಹೆಣದ ಪಕ್ಕ ಕೂತ ತಾಯಿಗೆ ಸಮಾಧಾನ ಕೊಡು ಎಂದೇ? ಯಾವುದೆಂದು ಅವಳಿಗೆ ಗೊತ್ತಿರಲಿಲ್ಲ, ಹೇಳುವವರೂ ಯಾರೂ ಇರಲಿಲ್ಲ. ಬಹಳ ಹೊತ್ತು ಹಾಗೇ ಕೂತಿದ್ದಳು. ಬಾಯಿಗೆ ಒಂದು ಮಾತೂ ಬರಲಿಲ್ಲ.