ಹಾಲವಾಣದ ಗಂಟು

ಆ ವರ್ಷ ಹಾಲವಾಣದ ಮರಗಳ ಚಿಗುರೆಲ್ಲ ಮುಷ್ಟಿ ಹಿಡಿದುಕೊಂಡೇ ಹುಟ್ಟಿತು. ಎಲೆ ಬಿಚ್ಚಿಕೊಳ್ಳಲೇ ಇಲ್ಲ. ಹಟ ಹಿಡಿದ ಕೂಸಿನ ಕೈಯಂತೆ ಸುರುಟಿಕೊಂಡು, ದಪ್ಪಗಾಗಿ, ಮೈತುಂಬ ಗಂಟು ಕಟ್ಟಿಕೊಂಡು ಕೊಂಬೆಯ ತುದಿಯಲ್ಲೇ ನಿಂತುಬಿಟ್ಟಿತು. ಮೊದಲು ಕಂಡವರು ಬಿಸಿಲಿನ ಝಳವೆಂದರು. ಆಮೇಲೆ ಕಂಡವರು ದೃಷ್ಟಿಯೆಂದರು.

ನಮ್ಮದು ಎಲೆತೋಟಗಳ ಊರು. ವೀಳ್ಯದೆಲೆಯ ಬಳ್ಳಿ ತನ್ನ ಕಾಲ ಮೇಲೆ ತಾನು ನಿಲ್ಲುವ ಜಾತಿಯಲ್ಲ; ಹಬ್ಬುವುದಕ್ಕೆ ಅದಕ್ಕೆ ಜೀವವಿರುವ ಮರ ಬೇಕು. ನಮ್ಮ ಹಿರಿಯರು ಸಾಲುಸಾಲಾಗಿ ಹಾಲವಾಣವನ್ನೇ ನೆಟ್ಟಿದ್ದರು. ಕೊಂಬೆ ಕಡಿದು ಊರಿದರೆ ಸಾಕು, ಬೇರು ಬಿಡುತ್ತಿತ್ತು. ಬಳ್ಳಿಗೆ ನೆರಳು, ಆಡಿಗೆ ಮೇವು, ಎರಡೂ ಅದರಿಂದಲೇ. ನಾನು ಈ ಮನೆಗೆ ಕಿರಿಯ ಸೊಸೆಯಾಗಿ ಬಂದಾಗ ನಮ್ಮ ಯಜಮಾನರೂ ಅವರಣ್ಣನೂ ಎಲೆಯ ಪೆಂಡಿ ಹೇರಿಕೊಂಡು ಸಂತೆಯಿಂದ ಸಂತೆಗೆ ತಿರುಗುತ್ತಿದ್ದರು. ತೋಟದ ಆಡಳಿತವೆಲ್ಲ ನನ್ನ ವಾರಗಿತ್ತಿ ದಾಕ್ಷಾಯಣಕ್ಕನ ಕೈಯಲ್ಲಿತ್ತು. ಅಕ್ಕನದು ನೇರ ಮಾತು, ಗಟ್ಟಿ ದನಿ. ಅವಳು ಒಂದು ಮಾತು ಆಡಿದಳೆಂದರೆ ಅದು ಮುಗಿದಂತೆ. ಅತ್ತೆ ಕೊಟ್ರಮ್ಮನವರು ಇದಕ್ಕೆ ತದ್ವಿರುದ್ಧ. ಬೆಳಗಾದರೆ ಕೊಕ್ಕೆಕೋಲು ಹಿಡಿದು, ಸಿಕ್ಕಿದ ಗಿಡದಿಂದ ನಾಲ್ಕು ಸೊಪ್ಪು ಎಳೆದು ಆಡುಗಳಿಗೆ ಹಾಕುತ್ತ ಬಾವಿಯ ಸುತ್ತ ಸುಳಿದಾಡುತ್ತಿದ್ದರು. ಮನೆಯಲ್ಲಿ ಅವರ ಮಾತು ಕೇಳಿಸುತ್ತಿದ್ದುದೇ ಅಪರೂಪ.

ಕೃಷಿ ಕಾಲೇಜಿನಿಂದ ಒಬ್ಬ ಮೇಡಂ ಬಂದು ಗಂಟನ್ನು ಬ್ಲೇಡಿನಿಂದ ಸೀಳಿ ಭೂತಗನ್ನಡಿಯಲ್ಲಿ ತೋರಿಸಿದರು. ಒಳಗೆ ಪುಟ್ಟ ಪುಟ್ಟ ಕೋಣೆಗಳು. ಒಂದೊಂದರಲ್ಲೂ ಒಂದು ಬಿಳಿಯ ಹುಳ.

"ಇದು ಕಣಜದ ಮರಿ. ಸಾಸಿವೆಕಾಳಿಗಿಂತ ಚಿಕ್ಕದು ತಾಯಿ ಕಣಜ. ಎಳೆ ಚಿಗುರಿಗೆ ಚುಚ್ಚಿ ಮೊಟ್ಟೆ ಇಡುತ್ತೆ. ಮೊಟ್ಟೆ ಸುತ್ತ ಮರವೇ ತನ್ನ ಮೈ ಬೆಳೆಸಿ ಗೂಡು ಕಟ್ಟಿಕೊಡುತ್ತೆ," ಎಂದರು ಮೇಡಂ.

"ಮನೆ ಕಟ್ಟಿಕೊಟ್ಟೋರನ್ನೇ ಕೊಲ್ಲುತ್ತಾ ಇದು?" ಎಂದು ಅಕ್ಕ ಕೇಳಿದಳು.

"ಅದಕ್ಕೆ ಕೊಲ್ಲೋ ಉದ್ದೇಶ ಇಲ್ಲಮ್ಮ. ಆದ್ರೆ ಎಲ್ಲಾ ಚಿಗುರೂ ಗೂಡಾದ್ರೆ ಮರ ಉಣ್ಣೋದು ಯಾವುದರಿಂದ?"

ಬೆಳೆಗಾರರ ಸಂಘಕ್ಕೆ ಮರುಳಸಿದ್ದಪ್ಪ ಅಧ್ಯಕ್ಷರು. ಊರಿನ ಲೆಕ್ಕದಲ್ಲಿ ಅಕ್ಕನಿಗೆ ಮೈದುನನಾಗಬೇಕು. ಹಾಲವಾಣವನ್ನೆಲ್ಲ ಕಡಿದು ಸುಡಬೇಕು, ಒಂದನ್ನೂ ಉಳಿಸಕೂಡದು ಎಂದು ಅವರು ಸಭೆಯಲ್ಲಿ ಹೇಳಿದರು. ಹೇಳಿದ್ದಷ್ಟೇ ಅಲ್ಲ, ಮೊದಲು ತಮ್ಮ ತೋಟಕ್ಕೇ ಬೆಂಕಿಯಿಟ್ಟರು. ಊರಿನ ಮೇಲೆ ಹಸಿ ಮರದ ಹೊಗೆ ಕವಿಯಿತು. ನಾವೂ ಸುಟ್ಟೆವು, ಬಾವಿಯ ಪಕ್ಕದ ಒಂದನ್ನು ಬಿಟ್ಟು.

ಆ ಗಿಡ್ಡ ಮರದಲ್ಲಿ ಗಂಟಿರಲಿಲ್ಲ. ಎಲೆಗಳು ಅಂಗೈ ಬಿಚ್ಚಿದ ಹಾಗೆ ಅಗಲವಾಗಿ, ಹಸಿರಾಗಿ ಅಲ್ಲಾಡುತ್ತಿದ್ದವು. ಮೇಡಂ ಅದನ್ನು ಕಂಡು, "ಒಂದೊಂದು ಮರಕ್ಕೆ ತಡೆಯೋ ಶಕ್ತಿ ಇದ್ರೂ ಇರಬಹುದು. ಈಗಲೇ ಏನೂ ಹೇಳೋಕಾಗಲ್ಲ," ಎಂದು ಹೋಗಿದ್ದರು. ಅಕ್ಕನಿಗೆ ಮಾತಿನ ಮೊದಲ ಅರ್ಧವಷ್ಟೇ ಕಿವಿಗೆ ಬಿದ್ದಿತ್ತು.

"ಅತ್ತಿಗೆ, ಇದನ್ನೂ ಕಡೀರಿ. ಎಲ್ಲರಿಗೂ ಒಂದೇ ನ್ಯಾಯ," ಎಂದರು ಮರುಳಸಿದ್ದಪ್ಪ.

"ರೋಗ ಇಲ್ಲದ ಮರ ಯಾಕಪ್ಪ ಕಡೀಲಿ? ನಾಳೆ ಊರಿಗೆಲ್ಲ ಊರೋಕೆ ಕೊಂಬೆಯ ಗೂಟ ಬೇಕಾದಾಗ ಇದೇ ಕೊಡುತ್ತೆ, ನೋಡ್ತಾ ಇರು."

"ಕೊಡದಿದ್ರೆ?"

"ಆಗ ನನ್ನ ಕೇಳು."

ಕೇಳುವ ಗೊಡವೆಗೇ ಊರು ಹೋಗಲಿಲ್ಲ. ನಮ್ಮನ್ನು ಮಾತಾಡಿಸುವುದನ್ನೇ ಬಿಟ್ಟಿತು. ಆಸರೆ ತಪ್ಪಿದ ಬಳ್ಳಿಗಳು ಎಲ್ಲರ ತೋಟದಲ್ಲೂ ನೆಲಕ್ಕೆ ಬಿದ್ದು ಮಳೆಗಾಲದಲ್ಲಿ ಕೊಳೆತವು. ಊರಿಗೆ ಊರೇ ಹೊರಗಿನಿಂದ ಎಲೆ ತರಿಸುವ ಕಾಲ ಬಂತು. ನಿಂತಿದ್ದುದು ಬಾವಿಯ ಪಕ್ಕದ ಆ ಒಂದು ಮರದ ಬಳ್ಳಿ ಮಾತ್ರ. ಮರುಳಸಿದ್ದಪ್ಪನವರ ಮಗಳ ಮದುವೆಗೆ ಅಕ್ಕ ಅದೇ ಬಳ್ಳಿಯ ಎಲೆಯನ್ನು ಕೊಯ್ದು, ತೊಳೆದು, ತಟ್ಟೆಯಲ್ಲಿ ಸುತ್ತಾಗಿ ಜೋಡಿಸಿ, ಮೇಲೆ ಹೊಸ ವಸ್ತ್ರ ಹೊದಿಸಿ ಕಳಿಸಿದಳು. ಬಿಸಿಲೇರುವ ಮೊದಲೇ ತಟ್ಟೆ ಹಿಂದಕ್ಕೆ ಬಂತು. ವಸ್ತ್ರ ಸರಿಸಿದ ಗುರುತೂ ಇರಲಿಲ್ಲ. ನಮ್ಮ ಕಡೆ ಸಾವಿನ ಮನೆಯ ಎಲೆಯನ್ನೂ ಯಾರೂ ಹಿಂದಕ್ಕೆ ಕಳಿಸುವುದಿಲ್ಲ. ಅಕ್ಕ ತಟ್ಟೆಯನ್ನು ಒಳಗಿಟ್ಟು ಬಂದು ಬಾವಿಯಿಂದ ನೀರು ಸೇದಿ ಸೇದಿ ಆ ಮರದ ಬುಡಕ್ಕೆ ಹೊಯ್ದಳು. ಅಂದು ಅವಳು ಊಟ ಮಾಡಲಿಲ್ಲ.

ವರುಷ ತಿರುಗಿತು. ಮರ ಹಾಗೇ ಇತ್ತು. ಹಾದಿಯಲ್ಲಿ ಹೋಗುವವರು ಬೇಲಿಯಾಚೆ ನಿಂತು ಇಣುಕತೊಡಗಿದರು. ಕೊನೆಗೆ ಸಂಘದಿಂದಲೇ ಒಬ್ಬರು ಬಂದು, ದನಿ ತಗ್ಗಿಸಿ, "ಗೂಟ ಕೊಡ್ತೀರಾ ಅಂತ ಅಧ್ಯಕ್ಷರು ಕೇಳಿಕಳಿಸಿದಾರೆ," ಎಂದರು. ಅಕ್ಕ ಹಂಗಿಸಲಿಲ್ಲ. "ಅಮಾವಾಸ್ಯೆ ಕಳೀಲಿ, ಬನ್ನಿ," ಎಂದಷ್ಟೇ ಹೇಳಿದಳು. ಆದರೆ ಆ ದಿನಗಳಲ್ಲಿ ಅವಳು ಒಲೆಯ ಮುಂದೆ ಕೂತು ತನ್ನಷ್ಟಕ್ಕೆ ಗುನುಗುವುದನ್ನು ನಾನು ಕೇಳಿದ್ದೇನೆ.

ಅಷ್ಟರಲ್ಲಿ ಅತ್ತೆಗೆ ಚಳಿಜ್ವರ ಹತ್ತಿತು. ಬಿಟ್ಟು ಬಿಟ್ಟು ಬರುವ ಜ್ವರ ಅವರನ್ನು ಮಂಚಕ್ಕೆ ಕಟ್ಟಿಹಾಕಿತು. ಗಂಜಿ, ಕಷಾಯ, ಡಾಕ್ಟರು ಎಂದು ನಾವಿಬ್ಬರೂ ಅವರ ಆರೈಕೆಯಲ್ಲಿ ತೋಟದ ಕಡೆ ಸರಿಯಾಗಿ ತಿರುಗಿಯೂ ನೋಡಲಿಲ್ಲ. ಒಂದು ಬೆಳಿಗ್ಗೆ ನೀರಿಗೆ ಹೋದವಳು ಕೊಡ ಕೆಳಗಿಟ್ಟು ಹಾಗೇ ನಿಂತೆ. ಬಾವಿಯ ಮರದ ಚಿಗುರೆಲ್ಲ ಮುಷ್ಟಿ ಹಿಡಿದಿತ್ತು.

ಅಕ್ಕನನ್ನು ಕರೆದು ತೋರಿಸಿದೆ. ಅವಳು ಒಂದು ಚಿಗುರನ್ನು ಮುರಿದು, ಬಿಡಿಸಿ, ಮತ್ತೆ ಮುಚ್ಚಿದಳು. "ಇದಕ್ಕೂ ತಾಗಿತಲ್ಲ," ಎಂದಳು. ಮನೆಗೆ ಬಂದು ಅತ್ತೆಯ ಹಣೆಯ ಒದ್ದೆಬಟ್ಟೆ ಬದಲಿಸುತ್ತಿದ್ದಾಗ ಅವರು ಕಣ್ಣು ತೆರೆದರು.

"ಬಾವಿ ಮರದ ಸೊಪ್ಪು ಕಿತ್ರೇನ್ರೇ? ನಾ ಮಲಗಿದಾಗಿಂದ ಯಾರೂ ಕಿತ್ತಿಲ್ಲ ಅನಿಸುತ್ತೆ. ಗಂಟು ಏರಿರ್ತವೆ."

ಅಕ್ಕನ ಕೈ ನಿಂತಿತು. "ಏನಂದ್ರಿ ಅತ್ತೆ?"

"ಗಂಟಿನೆಲೆ ಕಣೇ. ಒಂದೂ ಬಿಡದಂಗೆ ದಿನಾ ಕೀಳಬೇಕು. ಬಿಟ್ರೆ ಮರ ತಡೆಯಲ್ಲ."

"ಯಾವಾಗಿಂದ ಕೀಳ್ತಿದೀರಿ?"

"ಶುರುವಾದಾಗಿಂದ. ಕೂಸಿನ ಮೈಮೇಲೆ ಕಜ್ಜಿ ಆಯ್ತು ಅಂತ ಕೂಸನ್ನೇ ಸುಡ್ತಾರೇನೇ? ಎಲ್ಲಾ ಮರಕ್ಕೂ ನನ್ನ ಕೈ ಎಟುಕಲಿಲ್ಲ. ಅದೊಂದು ಗಿಡ್ಡ ಇತ್ತು, ಎಟುಕಿತು."

ಅವರಲ್ಲಿ ಕಪಟವಿರಲಿಲ್ಲ. ಆ ಮರದಿಂದ ಊರಿನಲ್ಲಿ ಏನೇನಾಗಿತ್ತೆಂಬುದು ಆಡುಗಳ ಹಿಂದೆ ತಿರುಗುವ ಆ ಜೀವಕ್ಕೆ ತಿಳಿದೂ ಇರಲಿಲ್ಲ. ನಾವು ಅವರನ್ನು ಕೊಕ್ಕೆಕೋಲಿನ ಸಮೇತ ದಿನವೂ ನೋಡಿದ್ದೆವು, ನೋಡಿಯೂ ಕಂಡಿರಲಿಲ್ಲ. ಅಕ್ಕ ಬಹಳ ಹೊತ್ತು ಅವರ ಪಾದ ನೀವುತ್ತ ಕುಳಿತಳು.

ಹೊರಗೆ ಬಂದ ಮೇಲೆ ನಾನೇ ಅಂದೆ: "ಅಕ್ಕ, ಈಗ ತಾಗಿತು ಅಂದರಾಯ್ತು. ವರುಷ ತಡೆದಿತ್ತು ಅನ್ನೋದು ಊರಿನ ಕಣ್ಣಿಗೆ ಕಂಡಿದೆ. ಒಳಗಿನ ಮಾತು ಯಾಕೆ?"

"ಹಂಗಂದ್ರೆ ಬಂದೋರು ಒಳ್ಳೇ ಕೊಂಬೆ ಆರಿಸಿ ಒಯ್ತಾರೆ ಕಣೆ. ಅದರಾಗೇ ಹುಳ ಇರ್ತವೆ. ಸುಟ್ಟ ತೋಟಕ್ಕೆ ಇನ್ನೊಮ್ಮೆ ಬೆಂಕಿ ಇಡಿಸಲಾ ನಾನು?"

ಅಮಾವಾಸ್ಯೆ ಕಳೆದು ಮರುಳಸಿದ್ದಪ್ಪನವರೂ ಸಂಘದವರೂ ಗೂಟಕ್ಕೆ ಬಂದಾಗ ಅಕ್ಕ ಕೊಡಲಿ ಹಿಡಿದು ಬಾವಿಯ ಹತ್ತಿರ ಕಾದಿದ್ದಳು. ಬಳ್ಳಿಯನ್ನು ಆಗಲೇ ಮರದಿಂದ ಬಿಡಿಸಿ, ಒದ್ದೆ ಗೋಣಿಯ ಮೇಲೆ ಸುರುಳಿ ಸುತ್ತಿ ಇಟ್ಟಿದ್ದಳು.

"ಈ ಮರಕ್ಕೂ ಗಂಟಿತ್ತು. ಮೊದಲಿಂದಲೂ ಇತ್ತು," ಎಂದಳು. "ನಮ್ಮತ್ತೆ ಕೀಳ್ತಾ ಬಂದ್ರು, ನನಗೆ ಗೊತ್ತಾಗಲಿಲ್ಲ. ಮರಕ್ಕೆ ಯಾವ ಶಕ್ತೀನೂ ಇಲ್ಲ. ಮರುಳಸಿದ್ದಪ್ಪ, ನೀನು ಹೇಳಿದಾಗಲೇ ಸುಡಬೇಕಿತ್ತು, ಸುಡಲಿಲ್ಲ. ತಪ್ಪು ನಂದು."

ಹಿಂದಿನಿಂದ ಯಾರೋ, "ವರುಷ ಪೂರ್ತಿ ಊರ ಕಣ್ಣಿಗೆ ಮಣ್ಣೆರಚಿದ್ರಲ್ಲ!" ಎಂದರು. ಅಕ್ಕ ಕೊಡಲಿಯೆತ್ತಿ ಬುಡಕ್ಕೆ ಹಾಕಿದಳು. ಹಾಲವಾಣ ಮೆತ್ತನೆಯ ಮರ, ಬೇಗ ಬಿತ್ತು. ಮರುಳಸಿದ್ದಪ್ಪ ಕೊಂಬೆಗಳನ್ನು ಎಳೆದು ರಾಶಿ ಹಾಕಿ ತಾವೇ ಕಡ್ಡಿ ಗೀರಿದರು. ಬೆಂಕಿ ಇಳಿದ ಮೇಲೆ, "ಅವ್ವ ಹೆಂಗಿದಾರೆ?" ಎಂದು ಕೇಳಿ ಒಳಗೆ ಬಂದರು.

ಅತ್ತೆ ಅವರನ್ನು ಗುರುತಿಸಿ ಮಂಚದ ಅಂಚು ತಟ್ಟಿ ಕೂರಿಸಿಕೊಂಡರು. "ಹೊಗೆ ವಾಸನೆ ಬಂತು. ಕಡಿದ್ರಾ?"

"ಕಡಿದ್ವಿ ಅವ್ವ."

"ಹೋಗ್ಲಿ ಬಿಡು." ಸ್ವಲ್ಪ ಸುಧಾರಿಸಿಕೊಂಡು ಮತ್ತೆ ಕೇಳಿದರು: "ನಿಮ್ಮಪ್ಪ ನೆಟ್ಟ ಮರಗಳಲ್ಲವೇನಪ್ಪ ನಿನ್ನ ತೋಟದವು? ಎಲ್ಲರಿಗಿಂತ ಮೊದಲು ಸುಟ್ಟೆ. ಆವತ್ತು ನಿನಗೆ ಹೆಂಗಾಯ್ತು ಅಂತ ಯಾರಾದ್ರೂ ಕೇಳಿದ್ರಾ?"

ಮರುಳಸಿದ್ದಪ್ಪ ಟವೆಲ್ಲಿನಿಂದ ಮುಖ ಒರೆಸಿಕೊಂಡರು. ಒರೆಸಿದ್ದನ್ನೇ ಇನ್ನೊಮ್ಮೆ ಒರೆಸಿದರು. "ಇಲ್ಲವ್ವ," ಎಂದರು, "ಯಾರೂ ಕೇಳಲಿಲ್ಲ."

ಬಾಗಿಲ ಬಳಿ ನಿಂತಿದ್ದ ಅಕ್ಕ ಸೆರಗು ಸರಿಮಾಡಿಕೊಂಡು ಒಳಗೆ ಹೋಗಿ ಅವರಿಗೆ ಮಜ್ಜಿಗೆ ತಂದಳು. ಅವರು ಕುಡಿದರು.

ಮುಂದಿನ ಮಳೆಗೆ ಊರಿನವರು ನುಗ್ಗೆಮರವನ್ನೂ ಅಗಸೆಮರವನ್ನೂ ನೆಟ್ಟರು. ಹಾಲವಾಣದ ನೆರಳು ಅವಕ್ಕಿಲ್ಲ. ಅವುಗಳ ಮೇಲೆ ಹಬ್ಬಿದರೆ ಎಲೆ ಸ್ವಲ್ಪ ಸಣ್ಣದಾಗುತ್ತದೆ, ಖಾರ ಹೆಚ್ಚಾಗುತ್ತದೆ. ಆದರೆ ನೆಡಲು ಬಳ್ಳಿಯೆಲ್ಲಿ? ನಮ್ಮ ಊರಿನ ತಳಿಯ ಆರೋಗ್ಯವಾದ ಬಳ್ಳಿ ಉಳಿದಿದ್ದುದು ಅಕ್ಕನ ಆ ಒದ್ದೆ ಗೋಣಿಯ ಮೇಲೆ ಮಾತ್ರ. ಅವಳು ಅದನ್ನು ಗೆಣ್ಣು ಗೆಣ್ಣಾಗಿ ತುಂಡರಿಸಿ ನೆಟ್ಟು, ಹಬ್ಬಿಸಿ, ಮರುವರುಷ ಕೇಳಿದವರಿಗೆಲ್ಲ ಕೊಡುತ್ತೇನೆಂದು ಹೇಳಿಕಳಿಸಿದಳು. ಎಷ್ಟು ಮಂದಿ ಬರುವರೋ ನಮಗೆ ತಿಳಿದಿರಲಿಲ್ಲ.

ಎಲೆತೋಟದೊಳಗೆ ಮೆಟ್ಟು ಹಾಕಿಕೊಂಡು ಕಾಲಿಡುವಂತಿಲ್ಲ. ಅದು ನಮ್ಮ ಕಡೆಯ ನೇಮ. ಬಳ್ಳಿ ಕೊಡುವ ದಿನ ಬುತ್ತಿ ಹೊತ್ತು ನಾನು ಸ್ವಲ್ಪ ತಡವಾಗಿ ಹೋದೆ. ತೋಟದ ಒಳಗಿನಿಂದ ಮಾತು ಕೇಳಿಸುತ್ತಿತ್ತು, ಯಾರೂ ಕಾಣುತ್ತಿರಲಿಲ್ಲ. ತಡಿಕೆಬಾಗಿಲಿನಿಂದ ಹಿಡಿದು ಹಾದಿಯ ತಿರುವಿನವರೆಗೂ ಚಪ್ಪಲಿಗಳು, ಒಂದರ ಪಕ್ಕ ಒಂದು.