ಪೂಂಗೋದೈ ಬರೆದ ಸೇತುವೆ

ಪರದೆಯ ಮೇಲೆ ಕೆಂಪಕ್ಷರದ ಸಾಲು ಮೂಡಿದ್ದೇ ತಡ, ಪೂಂಗೋದೈಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಅದನ್ನು ಯಾರಿಗೂ ತೋರಗೊಡದೆ ತಲೆ ತಗ್ಗಿಸಿ ಸೆರಗು ಸರಿಮಾಡಿಕೊಂಡಳು.

"ಆಗಲ್ಲ ಸಾರ್," ಎಂದ ನಿರಂಜನ್. ಹೊಸ ಸರ್ವರ್ ಕೂರಿಸಿಕೊಡಲು ಚೆನ್ನೈಯಿಂದ ಬಂದವನು. "ನಿಮ್ಮ ಹಳೇ ಡೇಟಾಬೇಸ್ ನಮ್ಮ ಪಟ್ಟೀಲೇ ಇಲ್ಲ. ಅದನ್ನ ಮಾಡಿದ ಕಂಪನಿನೇ ಬಾಗಿಲು ಹಾಕ್ಕೊಂಡು ಹೋಗಿದೆ. ಹೊಸ ಸರ್ವರ್ ಮೊದಲು ಹೆಸರು ಕೇಳುತ್ತೆ, ಪಟ್ಟೀಲಿ ಇಲ್ದಿದ್ರೆ ಒಳಗೇ ಬಿಡಲ್ಲ."

ಮ್ಯಾನೇಜರ್ ಚೆನ್ನಿಯಪ್ಪನ್ ಬೆವರು ಒರೆಸಿಕೊಳ್ಳಲು ಹೋಗಿ ಹಣೆಯ ವಿಭೂತಿಯನ್ನೂ ಒರೆಸಿಕೊಂಡರು. "ಹಾಗಾದ್ರೆ ಡೇಟಾಬೇಸೂ ಹೊಸಾದೇ ತಗೋಬೇಕು ಅನ್ನಿ. ಯಜಮಾನ್ರಿಗೆ ಹೇಳ್ತೀನಿ, ಇನ್ನೇನು ಮಾಡೋದು."

ಪೂಂಗೋದೈ ಮೇಜಿನ ಕೆಳಗೇ ಫೋನು ಹಿಡಿದು ಗಂಡನಿಗೆ ಒಂದೇ ಮಾತು ಕಳಿಸಿದಳು. "ಕೆಟ್ಟಿದೆ."

ಸೇಲಂನ ಆ ಪಾರ್ಸೆಲ್ ಕಂಪನಿಯಲ್ಲಿ ಯಾವ ಊರಿನ ಕೌಂಟರಿನಲ್ಲಿ ಮೂಟೆ ಬುಕ್ ಆದರೂ ಅದರ ವಿವರ ಬಂದು ಸೇರುವುದು ಈ ಹಳೆಯ ಡೇಟಾಬೇಸಿಗೇ. ನಡುವೆ ನಿಂತು ಇವರ ಮಾತನ್ನು ಅದಕ್ಕೆ, ಅದರ ಮಾತನ್ನು ಇವರಿಗೆ ಮುಟ್ಟಿಸುವುದು ಸರ್ವರ್. ಹಿಂದಿನ ಸರ್ವರಿಗೂ ಇದರ ಭಾಷೆ ಬರುತ್ತಿರಲಿಲ್ಲ. ಆಗ ಪೂಂಗೋದೈ ಹಟ ಹಿಡಿದು ಕೂತು, ಎರಡರ ನಡುವೆ ಸೇತುವೆಯಂಥ ಒಂದು ಪ್ರೋಗ್ರಾಮ್ ಬರೆದಳು. ಎಲ್ಲರೂ ಭೇಷ್ ಎಂದರು. ಅಲ್ಲಿಗೆ ಮುಗಿಯಿತು ಅವಳ ಕಥೆ! ಅದರ ಒಳಹೊರಗು ಗೊತ್ತಿದ್ದುದು ಅವಳೊಬ್ಬಳಿಗೇ. ಅವಳನ್ನು ಬಿಟ್ಟುಕೊಡುವವರು ಯಾರು?

ಗಂಡ, ಮಗಳು ಇರುವುದು ಮದುರೈಯಲ್ಲಿ. ಅಲ್ಲಿನ ಶಾಖೆಗೆ ಹಾಕಿ ಎಂದು ಕೇಳಿ ಕೇಳಿ ಅವಳಿಗೆ ಸಾಕಾಗಿಹೋಗಿತ್ತು. ಕೆಲಸ ಬಿಟ್ಟರೆ ಮನೆ ನಡೆಯದು. "ಆ ಹಳೇದು ಹೋದ ದಿನವೇ ನೀನೂ ಹೊರಡಮ್ಮ," ಎನ್ನುತ್ತಿದ್ದರು ಚೆನ್ನಿಯಪ್ಪನ್. ಅಮ್ಮನ ಬಾಯಲ್ಲಿ ಅದನ್ನು ಕೇಳಿದ್ದ ಮಗಳು ಇನಿಯಾ, ಅಮ್ಮನ ಮಿಷನ್ ಕೆಟ್ಟರೆ ಕಾಯಿ ಒಡೆಯುತ್ತೇನೆಂದು ಬೀದಿ ಮೂಲೆಯ ಪಿಳ್ಳೈಯಾರ್ ಗಣಪನಿಗೆ ಹರಕೆ ಹೊತ್ತಿದ್ದಳು.

ನಿರಂಜನ್ ಸುಮ್ಮನೆ ಎದ್ದು ಹೋಗಿದ್ದರೆ ಎಲ್ಲ ನೆಟ್ಟಗಿರುತ್ತಿತ್ತು. ಪುಣ್ಯಾತ್ಮ ಹೋಗಲಿಲ್ಲ. ಹಳೆಯ ಸೇತುವೆಯನ್ನು ತೆರೆದು ನೋಡುತ್ತಾ ಕಿಸಕ್ಕನೆ ನಕ್ಕ.

"ಇದನ್ನ ಬರೆದ ಮಹಾನುಭಾವರು ಯಾರು ಸಾರ್? ಹರಿದ ಚಾಪೆಗೆ ತೇಪೆ ಹಾಕಿದ ಹಾಗಿದೆ!"

"ನಮ್ಮ ಪೂಂಗೋದೈನೇ ತಂಬಿ."

"ಅಯ್ಯೋ, ಅಕ್ಕನಾ? ಬೇಜಾರು ಮಾಡ್ಕೋಬೇಡಿ ಅಕ್ಕ. ಆ ಕಾಲಕ್ಕೆ ಸಾಕಾಗಿತ್ತು. ಈಗ ನನ್ನ ಕೈಲೇ ಆಗ್ತಿಲ್ಲ, ಇನ್ನು ನಿಮಗೆಲ್ಲಿ..."

ಸುಮ್ಮನಿರು, ಎಂದಿತು ಮನಸ್ಸು. ಬಾಯಿ ಮುಚ್ಚಿಕೊಂಡಿರು, ಮಹಾತಾಯಿ. ಆದರೆ ಅವಳ ಕಣ್ಣು ಕೆಂಪು ಸಾಲನ್ನು ಬಿಟ್ಟು ಕದಲಲಿಲ್ಲ. ಹೆಸರು ತಾನೆ ಕೇಳುವುದು? ಹಳೆಯದರ ಬಾಯಲ್ಲಿ ಪಟ್ಟಿಯಲ್ಲಿರುವ ಯಾವುದೋ ಒಂದು ಹೆಸರು ಹೇಳಿಸಿದರಾಯಿತು. ಆಮೇಲೆ ಮಾತಿನ ವ್ಯತ್ಯಾಸ ತಿದ್ದಲು ಸೇತುವೆ ಇದ್ದೇ ಇದೆ. ಕೆಟ್ಟು ನಿಂತದ್ದನ್ನು ನೋಡುತ್ತಾ ಕೈಕಟ್ಟಿ ಕೂರುವುದು ಈ ಕಸುಬಿನವರಿಗೆ ಆಗದ ಮಾತು. ಅದರ ಮೇಲೆ ಇವನ ನಗು ಬೇರೆ.

"ಸ್ವಲ್ಪ ಜರುಗು ತಂಬಿ," ಎಂದಳು.

ಮೊದಲ ಸಲ ತಪ್ಪಿತು. ತಾರೀಖು ಕೇಳಿದಾಗ ಹಳೆಯದು ತನ್ನ ಹಳೇ ರೀತಿಯಲ್ಲೇ ಉತ್ತರಿಸಿ ಸಿಕ್ಕಿಬಿದ್ದಿತು. ಪೂಂಗೋದೈ ನಾಲಿಗೆ ಕಚ್ಚಿಕೊಂಡು ಅದನ್ನೂ ತಿದ್ದಿದಳು. ಕೆಂಪು ಸಾಲು ಮಾಯವಾಯಿತು. ಧರ್ಮಪುರಿಯಲ್ಲಿ ಬುಕ್ ಆದ ಮಾವಿನ ಬುಟ್ಟಿಯೊಂದು ಹೊಸ ಪರದೆಯಲ್ಲಿ ತಣ್ಣಗೆ ಬಂದು ಕೂತಿತು.

"ಅಕ್ಕಾ, ಕಾಲು ಕೊಡಿ, ಬೀಳ್ತೀನಿ!" ನಿರಂಜನ್ ಎದ್ದು ನಿಂತೇಬಿಟ್ಟ. ತಮಾಷೆಯಿರಲಿಲ್ಲ ಅವನ ದನಿಯಲ್ಲಿ. ಅವಳ ಮುಖ ಊರಗಲ ಅರಳಿತು.

ಚೆನ್ನಿಯಪ್ಪನ್ ಆಗಲೇ ಫೋನು ಕಿವಿಗಿಟ್ಟಿದ್ದರು. "ಯಜಮಾನ್ರೇ, ಹೊಸಾದು ಬೇಡವೇ ಬೇಡ! ನಮ್ಮ ಪೂಂಗೋದೈ ಇರೋವರೆಗೆ ಹಳೇದೇ ಓಡುತ್ತೆ."

ಆಗ ಅವಳಿಗೆ ತಾನು ಮಾಡಿಕೊಂಡದ್ದೇನೆಂದು ಹೊಳೆಯಿತು.

"ಸಾರ್... ಮದುರೈ ವಿಚಾರ..."

"ಒಳ್ಳೇ ಹೊತ್ತಲ್ಲಿ ಅದ್ಯಾಕಮ್ಮ ಈಗ? ನೀನು ಹೋದ್ರೆ ಇದನ್ನ ನೋಡ್ಕೊಳ್ಳೋರು ಯಾರು, ನಾನಾ?" ಅವರು ನಗುತ್ತಾ ಬಾಗಿಲಿಗೆ ನಡೆದರು. "ಯಾರಪ್ಪಾ ಅಲ್ಲಿ, ಒಂದು ಕಾಯಿ ತನ್ನಿ! ದೃಷ್ಟಿ ತೆಗೀಬೇಕು!"

ಲಾರಿ ಅಂಗಳದ ಬದಿಯ ಜಗಲಿಗೆ ಬಂದು ಅವಳು ಫೋನು ಮಾಡಿದಳು. ಎತ್ತಿದ್ದು ಇನಿಯಾ.

"ಅಮ್ಮಾ! ಅಪ್ಪ ನಿನ್ನ ಮೆಸೇಜು ಓದಿ ಹೇಳಿದ್ರು. ನಾವು ಗುಡಿ ಮುಂದೇನೇ ಇದ್ದೀವಿ."

"ಕಣ್ಣೂ, ಒಂದ್ನಿಮಿಷ ಕೇಳು..."

"ನೀನೇ ಕೇಳಿಸ್ಕೋ ಅಮ್ಮಾ, ಈಗ ಒಡೀತೀನಿ ನೋಡು!"

ಫೋನಿನೊಳಗೆ ಕಾಯಿ ಕಲ್ಲಿಗೆ ಬಡಿದು ಚೂರಾದ ಸದ್ದು, ಚೂರು ಆಯಲು ಮಕ್ಕಳು ನುಗ್ಗಿದ ಗದ್ದಲ. ಅದರ ನಡುವೆ ಇನಿಯಾಳ ನಗು.

"ಪೂಂಗೋದೈ! ಎಲ್ಲಿ ಹೋದ್ಯಮ್ಮ?" ಅಂಗಳದಲ್ಲಿ ಚೆನ್ನಿಯಪ್ಪನ್ ಕರೆಯುತ್ತಿದ್ದರು. "ಬಾ ಬಾ, ಇದನ್ನ ನಿನ್ನ ಕೈಯಿಂದಾನೇ ಒಡೀಬೇಕು."

ಅವರು ಚಾಚಿ ಹಿಡಿದ ಕಾಯಿಯ ಮೇಲೆ ಕರ್ಪೂರ ಉರಿಯುತ್ತಿತ್ತು.