ಹೇಳಿದ್ದನ್ನು ಹೇಳಿದ ಹಾಗೆ

ಸೋಫಾ, ಕುರ್ಚಿಗಳಿಗೆ ಹೊಸ ಬಟ್ಟೆ ಹೊದಿಸುವ ಆ ಕಾರ್ಖಾನೆಯಲ್ಲಿ ಅವನನ್ನು ಎಲ್ಲರೂ ಮೊಳೆಬಾಯಿ ಎಂದು ಕರೆಯುತ್ತಿದ್ದರು. ಉಳಿದವರು ಗಾಳಿಯ ಗನ್ನಿನಿಂದ ಪಿನ್ನು ಹೊಡೆದರೆ ಇವನು ಹಿಡಿ ಸಣ್ಣ ಮೊಳೆಗಳನ್ನು ಬಾಯಿಗೆ ಹಾಕಿಕೊಂಡು, ನಾಲಿಗೆಯಿಂದ ಒಂದೊಂದನ್ನೇ ತುಟಿಗೆ ತಂದು, ಸುತ್ತಿಗೆಯ ಅಯಸ್ಕಾಂತದ ತುದಿಗೆ ಅಂಟಿಸಿ ಬಡಿಯುತ್ತಿದ್ದ. ಅಪ್ಪನಿಂದ ಕಲಿತ ಕೈ. ಹಳೆಯ ಮರದ ಕುರ್ಚಿಗಳು ಬಂದಾಗಲೆಲ್ಲ ಮಾಲೀಕ ಅವನ್ನು ಇವನ ಮೇಜಿಗೇ ಕಳಿಸುತ್ತಿದ್ದ.

"ಇವನ ಹತ್ರ ಕಷ್ಟಸುಖ ಮಾತಾಡ್ಬೇಕಂದ್ರೆ ಊಟದ ಹೊತ್ತಿಗೇ ಬರ್ಬೇಕು. ಆಗ್ಲೂ ಬಾಯಲ್ಲಿ ಏನಾದ್ರೂ ಇದ್ದೇ ಇರುತ್ತೆ," ಎಂದು ಪಕ್ಕದ ಮೇಜಿನ ಉದ್ದಣ್ಣ ನಗಿಸುತ್ತಿದ್ದ.

ಉದ್ದಣ್ಣನೂ ಇವನೂ ಒಂದೇ ಸೀಮೆಯಿಂದ, ಒಂದೇ ವರ್ಷ ಈ ದೇಶಕ್ಕೆ ಬಂದವರು. ಮೊಳೆಬಾಯಿಯ ಕಾಗದಪತ್ರಗಳು ಸರಿಯಾಗಿದ್ದವು. ಉದ್ದಣ್ಣನ ವಾಸದ ಪರವಾನಗಿಯ ಅವಧಿ ಮುಗಿದು ಏಳು ತಿಂಗಳಾಗಿತ್ತು. ಹೊಸದಕ್ಕೆ ಹಾಕಿದ ಅರ್ಜಿ ಯಾವುದೋ ಕಚೇರಿಯ ಯಾವುದೋ ಕಪಾಟಿನಲ್ಲಿ ಕೂತಿತ್ತು. ಅವನ ಹೆಂಡತಿ ಎರಡು ಬೀದಿ ಆಚೆಯ ಇಸ್ತ್ರಿ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ಆ ಅಂಗಡಿಯ ಮೇಲೊಂದು ಅಟ್ಟ ಇತ್ತು. ಏನಾದರೂ ಎಡವಟ್ಟಾದರೆ ಅಲ್ಲಿಗೆ ಹೋಗುತ್ತೇನೆಂದು ಉದ್ದಣ್ಣ ಇವನೊಬ್ಬನಿಗೆ ಮಾತ್ರ ಹೇಳಿದ್ದ.

ಮೊಳೆಬಾಯಿಯನ್ನು ಇಲ್ಲಿಗೆ ಕರೆಸಿಕೊಂಡವರು ಅವನ ಅಕ್ಕನ ಗಂಡ. ಭಾವ ಬಂದು ಹತ್ತೊಂಬತ್ತು ವರ್ಷವಾಗಿತ್ತು. ಪೊಲೀಸರ ಬಳಿ ದುಭಾಷಿಯ ಕೆಲಸ. ನಮ್ಮ ಜನರಲ್ಲಿ ಅಷ್ಟು ಎತ್ತರಕ್ಕೆ ಹೋದವರು ಬೇರೆ ಯಾರೂ ಇರಲಿಲ್ಲ. ಭಾನುವಾರ ಮಧ್ಯಾಹ್ನ ಅವರ ಮನೆಯ ಹಾಲಿನಲ್ಲಿ ಹೊಸದಾಗಿ ಬಂದವರೆಲ್ಲ ಸೇರುತ್ತಿದ್ದರು. ಭಾವ ಆಚೆ ಹೋಗಿ ಛತ್ರಿಯ ಹಿಡಿಯಿಂದ ಬಾಗಿಲು ಬಡಿದು, ಒಳಗೆ ನುಗ್ಗಿ ಅಬ್ಬರಿಸುತ್ತಿದ್ದರು. ಹೊಸಬರು ಪೊಲೀಸರ ಮುಂದೆ ನಿಲ್ಲುವುದನ್ನು ಹೀಗೆ ಕಲಿಯಬೇಕು.

"ಕೈ! ಕೈ ಕಾಣ್ಬೇಕು! ಜೇಬಿಗೆ ಹೋಯ್ತೋ, ಕೆಟ್ರಿ. ಓಡ್ಬೇಡಿ. ವಾದ ಮಾಡ್ಬೇಡಿ. ಕೇಳಿದ್ದಕ್ಕೆ ಮಾತ್ರ ಉತ್ತರ. ಏನು ತೆಗೀಬೇಕಾದ್ರೂ ಮೊದ್ಲು ಹೇಳಿ, ಆಮೇಲೆ ತೆಗೀರಿ."

ಒಬ್ಬ ಮುದುಕ ಹೆದರಿ ಎರಡು ಕೈಯ ಜೊತೆ ಒಂದು ಕಾಲನ್ನೂ ಎತ್ತಿದ್ದ. ಎಲ್ಲರೂ ಬಿದ್ದು ಬಿದ್ದು ನಕ್ಕಿದ್ದರು. ಪ್ರತಿ ವಾರ ಕೊನೆಗೆ ಭಾವ ಒಂದು ಮಾತು ಹೇಳುತ್ತಿದ್ದರು: "ಸ್ಟೇಷನ್ನಿಗೆ ಕರ್ಕೊಂಡು ಹೋದ್ರೂ ಧೈರ್ಯವಾಗಿರಿ. ಅಲ್ಲಿ ನಾನಿರ್ತೀನಲ್ಲ."

ಒಂದು ಮಂಗಳವಾರ ಬೆಳಿಗ್ಗೆ ಹತ್ತೂವರೆಗೆ ನಾಲ್ವರು ಪೊಲೀಸರು ಕಾರ್ಖಾನೆಗೆ ಬಂದರು. ಬಾಗಿಲ ಬಳಿ ಗದ್ದಲ ಕೇಳಿದ್ದೇ ತಡ, ಉದ್ದಣ್ಣ ಫೋಮ್ ಹಾಳೆಗಳ ರಾಶಿಯ ಹಿಂದಿನಿಂದ ಹಿತ್ತಲ ಬಾಗಿಲಿಗೆ ಜಾರಿದ. ಮೊಳೆಬಾಯಿ ಅಲ್ಲಾಡಲಿಲ್ಲ. ಸುತ್ತಿಗೆಯನ್ನು ಮೆಲ್ಲಗೆ ಮೇಜಿನ ಮೇಲಿಟ್ಟು ಎರಡೂ ಕೈ ಎತ್ತಿದ.

ಕಿರಿಯ ಪೊಲೀಸನೊಬ್ಬ ಎದುರು ನಿಂತು ಏನೋ ಕೇಳಿದ. ಇವನು ಉತ್ತರಿಸಲಿಲ್ಲ. ಬಾಯಿ ತುಂಬ ಮೊಳೆ! ಮತ್ತೆ ಕೇಳಿದ. ಇವನು ತಲೆಯಾಡಿಸಿದ. ಪೊಲೀಸನ ಕೈ ಸೊಂಟಕ್ಕೆ ಹೋಯಿತು. "ಬಾಯಲ್ಲೇನು? ಏನದು ಬಾಯಲ್ಲಿ?" ಈ ದೇಶದ ಭಾಷೆಯ ಇಷ್ಟು ಮಾತು ಇವನಿಗೆ ಅರ್ಥವಾಗುತ್ತಿತ್ತು. ಕೈ ಇಳಿಸಿ ಮೊಳೆ ತೆಗೆಯುವಂತಿಲ್ಲ. ಉಗಿದರೆ ಪೊಲೀಸನ ಮುಖಕ್ಕೇ ಉಗಿದಂತಾಗುತ್ತದೆ. ಬೆವರು ಕಣ್ಣಿಗಿಳಿಯಿತು. ಕೊನೆಗೆ ಗೋಣು ಬಗ್ಗಿಸಿ, ತುಟಿ ಬಿಟ್ಟು, ಮೊಳೆಗಳನ್ನು ಎಂಜಲ ಸಮೇತ ತನ್ನ ಅಂಗಿಯ ಮೇಲೇ ಸುರಿಸಿಕೊಂಡ. ಅವು ಟಣಟಣ ನೆಲಕ್ಕೆ ಬಿದ್ದವು. ಒಂದು ತುಟಿಗೆ ಚುಚ್ಚಿ ರಕ್ತ ಬಂತು. ಪೊಲೀಸ ಉಸಿರು ಬಿಟ್ಟ. ಕೈ ಸೊಂಟದಿಂದ ಇಳಿಯಿತು.

ಬದುಕಿದೆ, ಎಲ್ಲ ಭಾವ ಹೇಳಿಕೊಟ್ಟದ್ದರಿಂದ, ಎಂದುಕೊಂಡ.

ಅವರಿಗೆ ಬೇಕಾಗಿದ್ದವನು ಉದ್ದಣ್ಣ. ಪಕ್ಕದ ಮೇಜಿನವನಾದ್ದರಿಂದ ಇವನನ್ನು ಕಾರಿನಲ್ಲಿ ಕೂರಿಸಿಕೊಂಡು ಹೋದರು.

ಸ್ಟೇಷನ್ನಿನ ಕೋಣೆಯಲ್ಲಿ ಒಂದು ಮೇಜು, ಮೂರು ಕುರ್ಚಿ. ರೆಕ್ಸಿನ್ ಕಿತ್ತುಹೋಗಿ ಸ್ಪಂಜು ಕಾಣುತ್ತಿತ್ತು. ಇಂಥ ಹೊತ್ತಿನಲ್ಲೂ ಅವನ ಕಣ್ಣು ಹೋದದ್ದು ಅಲ್ಲಿಗೇ. ತಲೆ ನರೆತ ಇನ್‌ಸ್ಪೆಕ್ಟರು ರೆಕಾರ್ಡರನ್ನು ಮೇಜಿನ ಮೇಲಿಟ್ಟು, ದುಭಾಷಿ ಬರುತ್ತಾರೆಂದು ಸನ್ನೆ ಮಾಡಿದರು. ಬಾಗಿಲು ತೆರೆಯಿತು. ಇಸ್ತ್ರಿ ಮಾಡಿದ ಕೋಟು, ಕೊರಳಲ್ಲಿ ಗುರುತಿನ ಚೀಟಿ. ಭಾವ!

ಮೊಳೆಬಾಯಿಗೆ ಹೋದ ಜೀವ ಬಂದಂತಾಯಿತು. ಭಾವ ಅವನ ಕಡೆ ನೋಡಲಿಲ್ಲ. ಇನ್‌ಸ್ಪೆಕ್ಟರು ಅವರನ್ನು ಕೇಳಿದರು: "ಈ ಮನುಷ್ಯ ನಿಮಗೆ ಪರಿಚಯವೇ?"

"ಇಲ್ಲ," ಎಂದರು ಭಾವ.

ಆ ಮಾತೂ ಅವನಿಗೆ ಅರ್ಥವಾಯಿತು.  ಆಮೇಲೆ ಹೊಳೆಯಿತು: ಸಂಬಂಧಿಕ ಎಂದು ಗೊತ್ತಾದರೆ ಭಾವನನ್ನು ಹೊರಗೆ ಕಳಿಸಿಬಿಡುತ್ತಾರೆ, ನನ್ನನ್ನು ಉಳಿಸಲೆಂದೇ ಈ ನಾಟಕ. ಭಾವನ ಬುದ್ಧಿವಂತಿಕೆಗೆ ಮನಸ್ಸಿನಲ್ಲೇ ಕೈ ಮುಗಿದ.

"ಓಡಿಹೋದ ವ್ಯಕ್ತಿ ಎಲ್ಲಿದ್ದಾರೆಂದು ತಮಗೆ ತಿಳಿದಿದೆಯೇ?" ಭಾವ ಅವನೊಡನೆ ಎಂದೂ ಆಡದ ಪುಸ್ತಕದ ಕನ್ನಡದಲ್ಲಿ ಕೇಳಿದರು.

ಇವನು ಮುಖದಲ್ಲಿ ಏನೂ ತೋರಿಸದೆ, ಪ್ರಶ್ನೆಗೆ ಉತ್ತರ ಕೊಡುವವನ ಧಾಟಿಯಲ್ಲೇ ಹೇಳಿದ: "ಇವರಿಗೆ ಹೇಳ್ಬೇಡಿ. ಅವನು ಹೆಂಡ್ತಿ ಕೆಲ್ಸ ಮಾಡೋ ಇಸ್ತ್ರಿ ಅಂಗ್ಡಿ ಅಟ್ಟದ ಮೇಲಿರ್ತಾನೆ. ಹೇಗಾದ್ರೂ ಸುದ್ದಿ ಮುಟ್ಟಿಸಿ, ಅಲ್ಲಿಂದ ಹೊರಟುಬಿಡ್ಲಿ. ಇವರಿಗೆ ನಂಗೆ ಗೊತ್ತಿಲ್ಲ ಅಂತ ಹೇಳಿ."

ಭಾವ ರೆಕಾರ್ಡರಿನ ಕೆಂಪು ದೀಪವನ್ನು ನೋಡಿದರು. ಆಮೇಲೆ ಇನ್‌ಸ್ಪೆಕ್ಟರ ಕಡೆ ತಿರುಗಿ ಮಾತಾಡತೊಡಗಿದರು. ಇಸ್ತ್ರಿ. ಹೆಂಡತಿ. ಮೇಲೆ. ಮೊಳೆಬಾಯಿಗೆ ಬಿಡಿ ಬಿಡಿ ಪದಗಳು ಕೇಳಿಸಿದವು. ಕೊನೆಗೆ "ಇವರಿಗೆ ಹೇಳ್ಬೇಡಿ" ಎಂದದ್ದನ್ನೂ ಭಾವ ಒಂದಕ್ಷರ ಬಿಡದೆ ಹೇಳಿದರು. ಇನ್‌ಸ್ಪೆಕ್ಟರು ಎದ್ದು ಹೊರಗೆ ಹೋದರು.

"ಭಾವ," ಎಂದ. ಭಾವ ಗೋಡೆ ನೋಡುತ್ತ ಕೂತಿದ್ದರು.

ಮುಕ್ಕಾಲು ಗಂಟೆಯ ನಂತರ ಇನ್‌ಸ್ಪೆಕ್ಟರು ಮರಳಿ ಬಂದು ಅವನ ಕೈ ಕುಲುಕಿದರು. ಭಾವ ಅನುವಾದಿಸಿದರು: "ತಮ್ಮ ಸಹಕಾರಕ್ಕೆ ಧನ್ಯವಾದಗಳು. ತಾವಿನ್ನು ಹೋಗಬಹುದು."

ಮರುದಿನ ಕಾರ್ಖಾನೆಯಲ್ಲಿ ಯಾರೂ ಅವನಿಗೆ ಮುಖ ಕೊಟ್ಟು ಮಾತಾಡಲಿಲ್ಲ. ಊಟದ ಬೆಂಚಿನಲ್ಲಿ ಅವನು ಕೂತ ಕಡೆಯಿಂದ ಎಲ್ಲರೂ ಡಬ್ಬಿ ಎತ್ತಿಕೊಂಡು ಎದ್ದರು. ಉದ್ದಣ್ಣನನ್ನು ಅಟ್ಟದಿಂದ ಇಳಿಸಿಕೊಂಡು ಹೋದದ್ದನ್ನು ಬೀದಿಯೇ ನೋಡಿತ್ತು. ಸಿಕ್ಕಿಬಿದ್ದವನು ಒಬ್ಬ, ಬಿಡಿಸಿಕೊಂಡು ಬಂದವನು ಒಬ್ಬ. ಇನ್ನೇನು ಸಾಕ್ಷಿ ಬೇಕು ಜನಕ್ಕೆ?

ಸಂಜೆ ನೇರವಾಗಿ ಅಕ್ಕನ ಮನೆಗೆ ಹೋದ. ಭಾವ ಸಾಕ್ಸ್ ಬಿಚ್ಚುತ್ತಿದ್ದರು.

"ನನ್ನ ಗುರುತಿಲ್ಲ ಅಂದ್ರಲ್ಲ ಭಾವ. ಯಾಕೆ?"

"ಕೂತ್ಕೊಳೋ. ಅಲ್ಲಿ ರೆಕಾರ್ಡ್ ಆಗ್ತಿತ್ತು ಕಣೋ. ನಾಳೆ ಇನ್ನೊಬ್ಬ ದುಭಾಷಿ ಕೇಳಿಸ್ಕೊಂಡ್ರೆ? ಹೇಳಿದ್ದನ್ನ ಹೇಳಿದ ಹಾಗೆ ಹೇಳ್ತೀನಿ ಅಂತ ಪ್ರಮಾಣ ಮಾಡಿದೋನು ನಾನು."

"ಪ್ರಮಾಣದಲ್ಲಿ ಸುಳ್ಳು ಹೇಳ್ಬಹುದು ಅಂತ ಇತ್ತಾ? ಇವನು ನನ್ನ ಹೆಂಡ್ತಿ ತಮ್ಮ ಅಂತ ಒಂದು ಮಾತಂದಿದ್ರೆ ಬೇರೆಯವರು ಬರ್ತಿದ್ರು. ಬೇರೆಯವರ ಮುಂದೆ ನಾನು ಬಾಯಿ ಬಿಡ್ತಿದ್ನಾ?"

"ನಿನ್ನನ್ನ ಕರೆಸಿದ್ದು ನಾನು ಅಂತ ಅವರಿಗೆ ಗೊತ್ತಾದ್ರೆ? ಉದ್ದಣ್ಣ ನಮ್ಮ ಹಾಲಲ್ಲೇ ಕೂತು ಪಾಠ ಕೇಳ್ತಿದ್ದ ಅಂತ ಗೊತ್ತಾದ್ರೆ? ಹತ್ತೊಂಬತ್ತು ವರ್ಷ ಕಣೋ. ಅವರ ಕಣ್ಣಲ್ಲಿ ಒಳ್ಳೇವನಾಗೋಕೆ ಹತ್ತೊಂಬತ್ತು ವರ್ಷ."

"ನಂಬಿಸಿ ಕತ್ತು ಕೊಯ್ದ್ರಿ. ಕತ್ತು ನಂದೂ ಅಲ್ಲ, ಉದ್ದಣ್ಣಂದು. ಕತ್ತಿ ಮಾತ್ರ ನನ್ನ ಕೈಯಲ್ಲಿ ಹಿಡಿಸಿದ್ರಿ."

ಅಕ್ಕ ಅಡುಗೆಮನೆಯ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಳು. ಭಾವ ಅವಳಿಗೆ ಏನನ್ನೂ ಹೇಳಿರಲಿಲ್ಲ.

ಒಂದು ವಾರ ಅವನಿಗೆ ಊಟ ಸೇರಲಿಲ್ಲ. ಎಂಟನೆಯ ದಿನ ಉದ್ದಣ್ಣನ ಹೆಂಡತಿ ಕಾರ್ಖಾನೆಯ ಗೇಟಿನಲ್ಲಿ ಕಾದಿದ್ದಳು. ಬೈಯುತ್ತಾಳೆಂದುಕೊಂಡ. ಅವಳು ಬೈಯಲಿಲ್ಲ.

"ವಕೀಲರು ಕೇಳಿದ್ರು. ನಿನ್ನ ಹೇಳಿಕೆ ತಗೊಂಡ ದುಭಾಷಿ ಯಾರು ಅಂತ?"

 ಹೇಳಿದರೆ ಭಾವನ ಕೆಲಸ ಹೋಗುತ್ತದೆ. ಅಕ್ಕನ ಸಂಸಾರ ನಿಂತಿರುವುದೇ ಅದರ ಮೇಲೆ.

"ಯಾಕೆ ಕೇಳ್ತೀಯಾ?"

"ದುಭಾಷಿ ನಿನ್ನ ನೆಂಟ ಆಗಿದ್ರೆ ಆ ಹೇಳಿಕೆ ನಡೆಯಲ್ಲವಂತೆ. ಹೇಳಿಕೆ ಸರಿಯಿಲ್ಲ ಅಂತಾದ್ರೆ, ಅಂಗಡಿಗೆ ನುಗ್ಗಿದ್ದೂ ಸರಿಯಿಲ್ಲ ಅಂತಾಗುತ್ತಂತೆ. ಅರ್ಜಿ ತೀರ್ಮಾನ ಆಗೋವರೆಗೂ ಹೊರಗೆ ಬಿಡ್ತಾರಂತೆ. ನಂಗೆ ಅಷ್ಟೇ ಗೊತ್ತು." ಅವಳ ಮುಂಗೈ ಮೇಲೆ ಇಸ್ತ್ರಿಯ ಬಿಸಿ ತಾಗಿದ ಹೊಸ ಬೊಕ್ಕೆಯಿತ್ತು.

ಮಾರನೆಯ ದಿನ ಅರ್ಧ ದಿನ ರಜೆ ಹಾಕಿ ವಕೀಲೆಯ ಕಚೇರಿಗೆ ಹೋದ. ಅವಳು ಬೇರೊಬ್ಬ ದುಭಾಷಿಯನ್ನು, ಕನ್ನಡಕದ ಹೆಂಗಸೊಬ್ಬಳನ್ನು, ಕರೆಸಿದ್ದಳು. ಮೊಳೆಬಾಯಿ ಮೊದಲಿಗೆ ಆ ಹೆಂಗಸನ್ನೇ ಕೇಳಿದ: "ನಾನಂದಿದ್ದೆಲ್ಲ ಹೇಳ್ತೀರಲ್ವಾ?"

"ಎಲ್ಲಾನೂ ಹೇಳ್ತೀನಿ. ಹೇಳ್ಬಾರ್ದು ಅನ್ನೋದಿದ್ರೆ ಆಡ್ಲೇಬೇಡಿ," ಎಂದಳು ಆಕೆ.

ಇಷ್ಟು ಮಾತನ್ನು ಭಾವ ಒಂದು ಭಾನುವಾರವೂ ಹೇಳಿಕೊಟ್ಟಿರಲಿಲ್ಲ. ಅವನಿಗೆ ಕಣ್ಣು ತುಂಬಿ ಬಂತು. ನೀರು ಕುಡಿದು, ಮೊದಲಿನಿಂದ ಕೊನೆಯವರೆಗೆ ಎಲ್ಲ ಹೇಳಿ ಸಹಿ ಹಾಕಿದ.

ಆರು ವಾರಗಳ ನಂತರ ಉದ್ದಣ್ಣ ಹೊರಗೆ ಬಂದ. ವಾರಕ್ಕೊಮ್ಮೆ ಸ್ಟೇಷನ್ನಿಗೆ ಹಾಜರಾಗಬೇಕು, ತೀರ್ಮಾನವಾಗುವ ತನಕ ಕೆಲಸ ಮಾಡುವಂತಿಲ್ಲ. ಕತ್ತರಿ, ಅಳತೆಪಟ್ಟಿ ತೆಗೆದುಕೊಂಡು ಹೋಗಲು ಕಾರ್ಖಾನೆಗೆ ಬಂದವನು ಮೊಳೆಬಾಯಿಯ ಮೇಜಿನ ಮುಂದೆ ನಿಂತ. ಮೈ ಇಳಿದು ಇನ್ನೂ ಉದ್ದ ಕಾಣುತ್ತಿದ್ದ.

"ಎಲ್ಲಾ ಕೇಳಿದೆ. ನಿನ್ನ ಮೇಲೆ ಸಿಟ್ಟಿಲ್ಲ."

"ಹಾಗಾದ್ರೆ ಸಂಜೆ ಮನೆಗೆ ಬಾ."

ಉದ್ದಣ್ಣ ಕತ್ತರಿಯನ್ನು ಚೀಲಕ್ಕೆ ಹಾಕಿಕೊಂಡ. "ಇನ್ನೊಂದಿನ ನೋಡೋಣ," ಎಂದ. ಅವನು ಬರಲಿಲ್ಲ.

ಭಾವನನ್ನು ಕೆಲಸದಿಂದ ತೆಗೆದರು. ಸುದ್ದಿ ಹೇಳಲು ಅಕ್ಕನೇ ಫೋನ್ ಮಾಡಿದಳು. ಅವಳ ದನಿ ತಣ್ಣಗಿತ್ತು.

"ನೀನು ಮಾಡಿದ್ದು ಸರಿ ಕಣೋ. ಇವರ ಎದುರಿಗೇ ಹೇಳಿದೀನಿ, ಅವನು ಮಾಡಿದ್ದು ಸರಿ ಅಂತ."

"ಅಕ್ಕಾ..."

"ಆದ್ರೆ ಸದ್ಯಕ್ಕೆ ಈ ಕಡೆ ಬರ್ಬೇಡ. ನಿನ್ನ ಮುಖ ನೋಡಿದ್ರೆ ಇವರ ಮುಖಾನೂ ನೋಡ್ಬೇಕಾಗುತ್ತೆ. ಎರಡೂ ನನ್ನ ಕೈಲಿ ಆಗಲ್ಲ."

ಫೋನ್ ಇಟ್ಟಳು. ಅವನು ಹಾಸಿಗೆಯ ಅಂಚಿನಲ್ಲಿ ಕೂತೇ ಇದ್ದ. ಈ ದೇಶದಲ್ಲಿ ಅವನಿಗಿದ್ದ ಬಂಧುಬಳಗವೆಂದರೆ ಆ ಒಂದೇ ಮನೆಯಾಗಿತ್ತು.